ಸೋತು ಕೊಳ್ಳುವ ನಾಳೆ

(ಬೆಂಗಳೂರಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯ ಭಾಗ ಸಭಿಕರೊಬ್ಬರ ಪ್ರಶ್ನೆಗೆ ಕೊಟ್ಟ ಉತ್ತರ.)

ಎಲ್ಲರಿಗೂ ನಮಸ್ಕಾರ.

2025ರ ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಆಡುವ ಫಿಲಡೆಲ್ಫಿಯಾ ಸಿಕ್ಸರ್ಸ್‌ನ ಎಷ್ಟೋ ಅಭಿಮಾನಿಗಳು ತಮ್ಮ ತಂಡ ಸೋಲಲಿ ಎಂದು ಹಾರೈಸುತ್ತಿದ್ದರು. ತಂಡದ ಮೇಲೆ ಸಿಟ್ಟಾಗಿ ಅಲ್ಲ, ಪ್ರೀತಿಯಿಂದಲೇ. ಆ ವರ್ಷದ ಮೊದಲ ಸುತ್ತಿನ ಡ್ರಾಫ್ಟ್ ಪಿಕ್ಕನ್ನು, ಅಂದರೆ ಹೊಸ ಆಟಗಾರನನ್ನು ಆರಿಸಿಕೊಳ್ಳುವ ಸರದಿಯನ್ನು, ಸಿಕ್ಸರ್ಸ್ ತಂಡ 2020ರಲ್ಲೇ ಒಕ್ಲಹೋಮ ಸಿಟಿ ಥಂಡರ್‌ಗೆ ಬರೆದುಕೊಟ್ಟಿತ್ತು, ಆಟಗಾರ ಆಲ್ ಹಾರ್ಫರ್ಡ್ ಅವರ ದುಬಾರಿ ಒಪ್ಪಂದವನ್ನು ಅತ್ತ ದಾಟಿಸುವಾಗ. ಷರತ್ತು ಹೀಗಿತ್ತು: ಪಿಕ್ ಮೊದಲ ಆರರೊಳಗೆ ಬಂದರೆ ಫಿಲಡೆಲ್ಫಿಯಾಕ್ಕೇ ಉಳಿಯುತ್ತದೆ, ಏಳು ಅಥವಾ ಅದರಾಚೆ ಹೋದರೆ ಒಕ್ಲಹೋಮದ ಪಾಲು. ಅಂದರೆ ಏಪ್ರಿಲ್‌ನಲ್ಲಿ ಸಿಕ್ಕ ಪ್ರತಿ ಗೆಲುವೂ ಮುಂದಿನ ಹತ್ತು ವರ್ಷ ಆಡಬಲ್ಲ ಹುಡುಗನೊಬ್ಬನನ್ನು ಕೈಜಾರಿಸುವ ಅಪಾಯ. ತಂಡ 24 ಗೆದ್ದು 58 ಸೋತಿತು. ಅಷ್ಟು ಸೋತ ಮೇಲೂ ಪಿಕ್ ಉಳಿಯುವ ಸಾಧ್ಯತೆ ನೂರಕ್ಕೆ ಸುಮಾರು 64. ಸರದಿ ತೀರ್ಮಾನಿಸುವ ಲಾಟರಿಯಲ್ಲಿ ಮೂರನೇ ಸ್ಥಾನ ಬಂತು, ಬಹಾಮಾಸ್‌ನ ವಿ.ಜೆ. ಎಜ್‌ಕೋಂಬ್ ಸಿಕ್ಕರು. ಅವರು ತಮ್ಮ ಮೊದಲ ಎನ್‌ಬಿಎ ಪಂದ್ಯದಲ್ಲೇ ಬಾಸ್ಟನ್ ವಿರುದ್ಧ 34 ಅಂಕ ಹೊಡೆದರು.

ಹಾಗಾದರೆ ಸೋಲಲಿ ಎಂದವರೇ ಸರಿ ಅನ್ನಬೇಕೇ? ನಾನು ಅನ್ನುವುದಿಲ್ಲ. ತಂಡ ಎಷ್ಟನೇ ಸ್ಥಾನದಲ್ಲಿದೆ ಎಂಬುದನ್ನು ಹಿಡಿದು ಮಾಡುವ ಈ ಇಡೀ ವಾದವೇ ದಾರಿ ತಪ್ಪಿಸುತ್ತದೆ ಎಂಬುದು ನನ್ನ ನಂಬಿಕೆ. ಗೆಲ್ಲುವಾಗಲೂ ಸೋಲುವಾಗಲೂ ಕಣದಲ್ಲಿ ಯಾರಿದ್ದಾರೆ ಎಂದು ನೋಡಬೇಕು. ಅದನ್ನೇ ಇವತ್ತು ವಿವರಿಸುತ್ತೇನೆ.

ಐಪಿಎಲ್ ನೋಡುವ ನಮಗೆ ಇದು ತಟ್ಟನೆ ಒಗ್ಗುವುದಿಲ್ಲ. ಅಲ್ಲಿ ಕೊನೆಯ ಸ್ಥಾನಕ್ಕೆ ಬಿದ್ದರೆ ಯಾವ ಲಾಭವೂ ಇಲ್ಲ, ಹರಾಜಿನಲ್ಲಿ ಎಲ್ಲರ ಖರ್ಚಿನ ಮಿತಿಯೂ ಒಂದೇ. ಆರ್‌ಸಿಬಿ ಅಭಿಮಾನಿಗಳು ಹದಿನೆಂಟನೇ ಸೀಸನ್‌ವರೆಗೆ ಕಾದರು, ಆದರೆ ಪ್ರತಿ ಪಂದ್ಯದಲ್ಲೂ ಗೆಲುವನ್ನೇ ಬಯಸುತ್ತಾ ಕಾದರು. ಅಮೆರಿಕದ ಪದ್ಧತಿಯಲ್ಲಿ ಕಾಲೇಜಿನಿಂದ, ಹೊರದೇಶಗಳಿಂದ ಬರುವ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. ದುರ್ಬಲ ತಂಡಕ್ಕೆ ಮೊದಲ ಸರದಿ. ಉದ್ದೇಶ ಒಳ್ಳೆಯದೇ. ಆದರೆ ದುರ್ಬಲರಿಗೆ ಮೊದಲ ಸರದಿ ಎಂದ ಕೂಡಲೇ ದುರ್ಬಲರಾಗಿ ಕಾಣಿಸಿಕೊಳ್ಳುವ ಆಸೆಯೂ ಹುಟ್ಟುತ್ತದೆ. ಅದಕ್ಕೆ ಅವರಲ್ಲಿ ಟ್ಯಾಂಕಿಂಗ್ ಎಂಬ ಹೆಸರು.

ಎನ್‌ಬಿಎ ನಲವತ್ತು ವರ್ಷಗಳಿಂದ ಈ ಆಸೆಯ ಜೊತೆ ಗುದ್ದಾಡುತ್ತಿದೆ. ಮೊದಲು ಲೀಗಿನ ಪೂರ್ವ, ಪಶ್ಚಿಮ ಎಂಬ ಎರಡೂ ಗುಂಪುಗಳ, ಅಂದರೆ ಕಾನ್ಫರೆನ್ಸ್‌ಗಳ, ಕೊನೆಯ ತಂಡಗಳ ನಡುವೆ ನಾಣ್ಯ ಚಿಮ್ಮಿ ಮೊದಲ ಪಿಕ್ ಯಾರಿಗೆಂದು ತೀರ್ಮಾನಿಸುತ್ತಿದ್ದರು. 1983–84ರಲ್ಲಿ ಹ್ಯೂಸ್ಟನ್ ತಂಡ ಬೇಕೆಂದೇ ಸೋಲುತ್ತಿದೆ ಎಂಬ ಆರೋಪ ಬಂತು. ಆ ವರ್ಷ ಅವರಿಗೆ ಸಿಕ್ಕಿದ್ದು ಹಕೀಮ್ ಒಲಾಜುವಾನ್. ಮರುವರ್ಷವೇ ಲಾಟರಿ ಶುರು. 1985ರಲ್ಲಿ ಪ್ಲೇಆಫ್ ತಲುಪದ ಏಳು ತಂಡಗಳಿಗೆ ಏಳು ಲಕೋಟೆ, ಎಲ್ಲರಿಗೂ ಸಮಾನ ಅವಕಾಶ. ನ್ಯೂಯಾರ್ಕ್‌ಗೆ ಪ್ಯಾಟ್ರಿಕ್ ಯೂಯಿಂಗ್ ಸಿಕ್ಕರು. 1993ರಲ್ಲಿ 41 ಗೆದ್ದು 41 ಸೋತಿದ್ದ ಒರ್ಲ್ಯಾಂಡೊ ತಂಡಕ್ಕೆ ಲಾಟರಿಯ 66 ಚೆಂಡುಗಳಲ್ಲಿ ಒಂದೇ ಒಂದು ಇತ್ತು. ಮೊದಲ ಪಿಕ್ ಬಂದದ್ದು ಅದಕ್ಕೇ. ಇದು ಅನ್ಯಾಯ ಎಂದು ಗಲಾಟೆಯಾಗಿ, ಅತಿ ಕೆಟ್ಟ ತಂಡಕ್ಕೆ ನೂರಕ್ಕೆ 25ರ ಅವಕಾಶ ಕೊಟ್ಟರು. 25 ಎಂದರೆ ಸೋಲಲು ಪುಸಲಾಯಿಸುವಷ್ಟು ದೊಡ್ಡ ಸಂಖ್ಯೆ. ಫಿಲಡೆಲ್ಫಿಯಾದ ಕಥೆ ನಡೆದದ್ದು ಈ ನಿಯಮ ಇದ್ದಾಗಲೇ.

2013ರ ಮೇ ತಿಂಗಳಲ್ಲಿ ಸ್ಯಾಮ್ ಹಿಂಕಿ ಸಿಕ್ಸರ್ಸ್‌ನ ಜನರಲ್ ಮ್ಯಾನೇಜರ್ ಆದರು. ಅದಕ್ಕೆ ಒಂದು ವರ್ಷ ಹಿಂದೆ ತಂಡ ಎಂಟನೇ ಸ್ಥಾನದಿಂದ ಪ್ಲೇಆಫ್‌ಗೆ ಹೋಗಿ, ಎರಡನೇ ಸುತ್ತಿನಲ್ಲಿ ಬಾಸ್ಟನ್ ಜೊತೆ ಏಳನೇ ಪಂದ್ಯದವರೆಗೆ ಕಾದಾಡಿತ್ತು. ಬೇರೆಯವರಾಗಿದ್ದರೆ ಅಷ್ಟರಲ್ಲೇ ತೃಪ್ತಿಪಡುತ್ತಿದ್ದರೇನೋ. ಹಿಂಕಿಯ ಲೆಕ್ಕ ಬೇರೆ. ಕಣದಲ್ಲಿ ಐದೇ ಜನ ಇರುವ ಆಟದಲ್ಲಿ ಒಬ್ಬ ಅಸಾಮಾನ್ಯ ಆಟಗಾರ ಇಡೀ ತಂಡದ ದಿಕ್ಕು ಬದಲಿಸುತ್ತಾನೆ. ಅಂಥವನು ಸಿಗುವುದು ಹೆಚ್ಚಾಗಿ ಡ್ರಾಫ್ಟ್‌ನ ಮೇಲಿನ ತುದಿಯಲ್ಲಿ, ಮೊದಲ ಸರದಿಗಳಲ್ಲಿ. ಆದ್ದರಿಂದ ಆ ತುದಿಯಲ್ಲಿ ವರ್ಷ ವರ್ಷವೂ ಹೋಗಿ ನಿಲ್ಲಬೇಕು. ತರ್ಕದಲ್ಲಿ ತಪ್ಪಿಲ್ಲ. ಟಿಮ್ ಡಂಕನ್ 1997ರ ಮೊದಲ ಪಿಕ್, ಲೆಬ್ರಾನ್ ಜೇಮ್ಸ್ 2003ರ ಮೊದಲ ಪಿಕ್.

2013ರ ಜೂನ್ 27ರ ರಾತ್ರಿ, ಡ್ರಾಫ್ಟ್ ನಡೆಯುತ್ತಿರುವಾಗಲೇ, ಹಿಂಕಿ ತಂಡದ ಆಲ್‌ಸ್ಟಾರ್ ಗಾರ್ಡ್ ಜ್ರೂ ಹಾಲಿಡೇ ಅವರನ್ನು ನ್ಯೂ ಆರ್ಲಿಯನ್ಸ್‌ಗೆ ಕೊಟ್ಟುಬಿಟ್ಟರು. ಹಾಲಿಡೇಗೆ ಆಗ 23 ವರ್ಷ. ಬದಲಿಗೆ ಬಂದವರು ನರ್ಲೆನ್ಸ್ ನೋಯಲ್, ಮೊಣಕಾಲಿಗೆ ಪೆಟ್ಟಾಗಿದ್ದ ಸೆಂಟರ್ (ಬುಟ್ಟಿಯ ಬಳಿ ಆಡುವ ಎತ್ತರದ ಆಟಗಾರ), ಮೊದಲ ವರ್ಷ ಆಡಲೇ ಇಲ್ಲ. 2014ರಲ್ಲಿ ಮೂರನೇ ಪಿಕ್ಕಿನಲ್ಲಿ ಜೋಯೆಲ್ ಎಂಬೀಡ್. ಪಾದದ ಮೂಳೆ ಮುರಿದಿದ್ದರಿಂದ ಎರಡು ಪೂರ್ತಿ ಸೀಸನ್ ಆಡಲಿಲ್ಲ. 2015ರಲ್ಲಿ ಮತ್ತೆ ಮೂರನೇ ಪಿಕ್, ಜಲೀಲ್ ಓಕಾಫರ್. ಮೂರು ವರ್ಷ, ಮೂವರೂ ಸೆಂಟರ್‌ಗಳೇ! ಆ ಮೂರು ಸೀಸನ್‌ಗಳ ಫಲ 19–63, 18–64, 10–72. ಕೂಡಿಸಿದರೆ 47 ಗೆಲುವು, 199 ಸೋಲು. ನಡುವೆ ಸತತ 26 ಸೋಲಿನ ಒಂದು ಸರಣಿ, ಎರಡು ಸೀಸನ್‌ಗಳಿಗೆ ಹಬ್ಬಿದ ಸತತ 28 ಸೋಲಿನ ಇನ್ನೊಂದು ಸರಣಿ.

ಇದನ್ನು ನಗರ ಹೇಗೆ ಸಹಿಸಿತು? ಅಭಿಮಾನಿಗಳು ಎರಡು ಪಾಳಯವಾದರು. ಒಂದು ಪಾಳಯ 'ಟ್ರಸ್ಟ್ ದ ಪ್ರೋಸೆಸ್' (ಈ ಹಾದಿಯನ್ನು ನಂಬಿ) ಎಂಬ ಘೋಷಣೆಯನ್ನು ಮಂತ್ರದಂತೆ ಜಪಿಸಿತು. ಇನ್ನೊಂದು ಪಾಳಯ ಟಿಕೆಟ್ ಕೊಳ್ಳುವುದನ್ನೇ ಬಿಟ್ಟಿತು. ಹಿಂಕಿ 2016ರ ಏಪ್ರಿಲ್‌ನಲ್ಲಿ ಹದಿಮೂರು ಪುಟಗಳ ಪತ್ರ ಬರೆದು ರಾಜೀನಾಮೆ ಕೊಟ್ಟರು. ಅವರು ಹೋದ ಮರುತಿಂಗಳು ಮೊದಲ ಪಿಕ್ ಫಿಲಡೆಲ್ಫಿಯಾಕ್ಕೆ ಬಂತು, ಬೆನ್ ಸಿಮನ್ಸ್ ಬಂದರು. 2017ರಲ್ಲಿ ಬಾಸ್ಟನ್‌ನಿಂದ ಮತ್ತೊಂದು ಮೊದಲ ಪಿಕ್ ಕೊಂಡು ಮಾರ್ಕೆಲ್ ಫಲ್ಟ್ಸ್ ಅವರನ್ನು ಆರಿಸಿದರು. ಮೂರನೇ ಪಿಕ್ಕಿಗೆ ಇಳಿದ ಬಾಸ್ಟನ್ ತೆಗೆದುಕೊಂಡದ್ದು ಜೇಸನ್ ಟೇಟಮ್ ಅವರನ್ನು.

ಫಲವೇ ಸಿಗಲಿಲ್ಲ ಎಂದರೆ ಸುಳ್ಳಾಗುತ್ತದೆ. 2017–18ರಲ್ಲಿ ತಂಡ 52 ಪಂದ್ಯ ಗೆದ್ದಿತು. ಎಂಬೀಡ್ 2023ರಲ್ಲಿ ಲೀಗಿನ ಅತ್ಯುತ್ತಮ ಆಟಗಾರ ಎನಿಸಿಕೊಂಡರು. 2019ರ ಮೇ 12ರಂದು ಟೊರಾಂಟೊದಲ್ಲಿ ಏಳನೇ ಪಂದ್ಯದ ಕೊನೆಯ ಗಳಿಗೆಯಲ್ಲಿ ಕವಾಯ್ ಲೆನಾರ್ಡ್ ಎಸೆದ ಚೆಂಡು ರಿಂಗಿನ ಮೇಲೆ ನಾಲ್ಕು ಸಲ ಪುಟಿದು ಒಳಗೆ ಬಿತ್ತು. ಹೊರಗೆ ಬಿದ್ದಿದ್ದರೆ ಹೆಚ್ಚುವರಿ ಸಮಯದ ಆಟ, ಆಮೇಲೆ ಏನಾಗುತ್ತಿತ್ತೋ ಯಾರು ಹೇಳಬಲ್ಲರು. ಆದರೂ ನಡೆದದ್ದು ನಡೆದದ್ದೇ. 2001ರ ನಂತರ 2025ರವರೆಗೆ ಆ ತಂಡ ಕಾನ್ಫರೆನ್ಸ್ ಫೈನಲ್ ಕಂಡಿಲ್ಲ. ಮೊದಲ ರಾತ್ರಿಯೇ ಕೊಟ್ಟುಬಿಟ್ಟ ಜ್ರೂ ಹಾಲಿಡೇ ಮಾತ್ರ 2021ರಲ್ಲಿ ಮಿಲ್ವಾಕಿ ಜೊತೆ, 2024ರಲ್ಲಿ ಬಾಸ್ಟನ್ ಜೊತೆ ಚಾಂಪಿಯನ್ ಆದರು.

ಇನ್ನೊಂದು ತಂಡವನ್ನು ಇದರ ಪಕ್ಕದಲ್ಲಿಟ್ಟು ನೋಡಿ. 2013–14ರಲ್ಲಿ, ಅಂದರೆ ಹಿಂಕಿಯ ಮೊದಲ ಸೀಸನ್‌ನಲ್ಲಿ, ಲೀಗಿನ ಅತಿ ಕೆಟ್ಟ ತಂಡ ಫಿಲಡೆಲ್ಫಿಯಾ ಆಗಿರಲಿಲ್ಲ. ಅದು 15–67ರ ಮಿಲ್ವಾಕಿ. ಅವರಿಗೆ ಎರಡನೇ ಪಿಕ್ ಸಿಕ್ಕಿ ಜಬಾರಿ ಪಾರ್ಕರ್ ಬಂದರು, ಒಂದೇ ಮೊಣಕಾಲಿಗೆ ಎರಡು ಸಲ ದೊಡ್ಡ ಪೆಟ್ಟಾಗಿ 2018ರಲ್ಲಿ ತಂಡ ಬಿಟ್ಟರು. ಅದಕ್ಕೆ ಹಿಂದಿನ ಸೀಸನ್‌ನಲ್ಲಿ ಇದೇ ಮಿಲ್ವಾಕಿ 38–44ರ ದಾಖಲೆಯಿಂದ ಎಂಟನೇ ಸ್ಥಾನ ಹಿಡಿದು ಪ್ಲೇಆಫ್‌ಗೆ ಹೋಗಿ, ಮಯಾಮಿ ಕೈಯಲ್ಲಿ 4–0 ಸೋತಿತ್ತು. 'ಇದೇನು ಪ್ರಯೋಜನ, ಒಳ್ಳೆಯ ಪಿಕ್ಕೂ ಹೋಯಿತು' ಎಂದು ಅಭಿಮಾನಿಗಳು ಗೊಣಗುವುದು ಇಂಥ ಸೀಸನ್ ನೋಡಿಯೇ. ಆ ಸೀಸನ್ ಕೊಟ್ಟ ಪಿಕ್ ಹದಿನೈದನೆಯದು. ಗ್ರೀಸ್‌ನ ಎರಡನೇ ದರ್ಜೆಯ ಲೀಗಿನಲ್ಲಿ ಆಡುತ್ತಿದ್ದ 18ರ ಹುಡುಗನನ್ನು ಆರಿಸಿದರು: ಯಾನಿಸ್ ಆಂಟೆಟಕೂಂಪೊ. 2021ರ ಫೈನಲ್ಸ್‌ನ ಆರನೇ ಪಂದ್ಯದಲ್ಲಿ 50 ಅಂಕ ಹೊಡೆದು ಮಿಲ್ವಾಕಿಗೆ ಚಾಂಪಿಯನ್ ಪಟ್ಟ ತಂದವರು ಅವರು. ಡೆನ್ವರ್‌ನ ನಿಕೋಲಾ ಯೋಕಿಚ್ ಅಂತೂ 2014ರ 41ನೇ ಪಿಕ್.

ಈಗ ನನಗೆ ಎಲ್ಲಕ್ಕಿಂತ ಪ್ರಿಯವಾದ ಉದಾಹರಣೆಗೆ ಬರುತ್ತೇನೆ. 2025ರ ಜೂನ್‌ನ ಫೈನಲ್ಸ್ ನೆನಪಿಸಿಕೊಳ್ಳಿ. ಒಕ್ಲಹೋಮ ಸಿಟಿ ಮತ್ತು ಇಂಡಿಯಾನಾ, ಏಳು ಪಂದ್ಯಗಳ ಕಾದಾಟ. ಒಂದು ಕಡೆ ಶೇ ಗಿಲ್ಜಸ್-ಅಲೆಗ್ಸಾಂಡರ್, ಇನ್ನೊಂದು ಕಡೆ ಟೈರೀಸ್ ಹ್ಯಾಲಿಬರ್ಟನ್. ಈ ಇಬ್ಬರೂ ಆ ತಂಡಗಳಿಗೆ ಬಂದದ್ದು ಒಬ್ಬನೇ ಆಟಗಾರನ ದೆಸೆಯಿಂದ. ಆ ಆಟಗಾರ ಪಾಲ್ ಜಾರ್ಜ್.

2010ರಲ್ಲಿ ಇಂಡಿಯಾನಾ ಮಧ್ಯಮ ತಂಡ, 32–50. ಹತ್ತನೇ ಪಿಕ್ಕಿನಲ್ಲಿ ಪಾಲ್ ಜಾರ್ಜ್ ಅವರನ್ನು ತೆಗೆದುಕೊಂಡಿತು. ಅವರು ಬೆಳೆದರು, ತಂಡ 2013ರಲ್ಲೂ 2014ರಲ್ಲೂ ಕಾನ್ಫರೆನ್ಸ್ ಫೈನಲ್ ತಲುಪಿತು. 2017ರಲ್ಲಿ ಅವರು ಉಳಿಯುವ ಸೂಚನೆ ಇರಲಿಲ್ಲ. ಒಕ್ಲಹೋಮ ಸಿಟಿಗೆ ಕೊಟ್ಟು ವಿಕ್ಟರ್ ಒಲಾಡಿಪೊ ಮತ್ತು ಡೊಮಾಂಟಸ್ ಸಬೋನಿಸ್ ಅವರನ್ನು ಪಡೆದರು. 2022ರ ಫೆಬ್ರವರಿಯಲ್ಲಿ ಸಬೋನಿಸ್ ಅವರನ್ನು ಸ್ಯಾಕ್ರಮೆಂಟೊಗೆ ಕೊಟ್ಟು ಹ್ಯಾಲಿಬರ್ಟನ್ ಅವರನ್ನು ತಂದರು. ಅತ್ತ ಒಕ್ಲಹೋಮ ಸಿಟಿ 2019ರ ಜುಲೈನಲ್ಲಿ ಅದೇ ಪಾಲ್ ಜಾರ್ಜ್ ಅವರನ್ನು ಕ್ಲಿಪ್ಪರ್ಸ್‌ಗೆ ಕೊಟ್ಟು ಗಿಲ್ಜಸ್-ಅಲೆಗ್ಸಾಂಡರ್ ಜೊತೆ ಐದು ಮೊದಲ ಸುತ್ತಿನ ಪಿಕ್‌ಗಳನ್ನೂ ಬಾಚಿಕೊಂಡಿತು. ಅವುಗಳಲ್ಲಿ ಒಂದು 2022ರ ಹನ್ನೆರಡನೇ ಪಿಕ್ ಆಗಿ ಬಂತು, ಅದರಲ್ಲಿ ಸಿಕ್ಕವರು ಜೇಲೆನ್ ವಿಲಿಯಮ್ಸ್.

ಈ ಸರಪಳಿಯ ಪಿಕ್‌ಗಳನ್ನು ಗಮನಿಸಿ. ಪಾಲ್ ಜಾರ್ಜ್ 10, ಗಿಲ್ಜಸ್-ಅಲೆಗ್ಸಾಂಡರ್ 11, ಹ್ಯಾಲಿಬರ್ಟನ್ 12, ವಿಲಿಯಮ್ಸ್ 12. 'ಅಲ್ಲಿಗೆ ಬಿದ್ದರೆ ಅತ್ತ ಪ್ಲೇಆಫೂ ಇಲ್ಲ, ಇತ್ತ ಒಳ್ಳೆಯ ಆಟಗಾರನೂ ಇಲ್ಲ' ಎಂದು ಅಭಿಮಾನಿಗಳು ಹೆದರುವ ಜಾಗ ಅದೇ. ಇಬ್ಬರು ಫೈನಲಿಸ್ಟ್‌ಗಳ ಅಡಿಪಾಯ ಅಲ್ಲಿಂದ ಎದ್ದಿದೆ. ಆ ಜಾಗದಲ್ಲಿ ಹೇಳಹೆಸರಿಲ್ಲದಂತೆ ಹೋದವರೂ ತುಂಬಾ ಜನ, ಅದನ್ನು ಮರೆಯಬಾರದು. ಒಕ್ಲಹೋಮ ಸಿಟಿ ಸೋತೇ ಇಲ್ಲ ಎಂದೂ ನಾನು ಹೇಳುತ್ತಿಲ್ಲ. 2020–21ರಲ್ಲಿ 22–50, ಮರುವರ್ಷ 24–58, ಆಮೇಲೆ ಎರಡನೇ ಪಿಕ್ಕಿನಲ್ಲಿ ಚೆಟ್ ಹೋಮ್‌ಗ್ರೆನ್. 2021ರ ಡಿಸೆಂಬರ್ 2ರಂದು ಮೆಂಫಿಸ್ ವಿರುದ್ಧ 152–79ರಲ್ಲಿ ಸೋತರು, 73 ಅಂಕಗಳ ಅಂತರ, ಎನ್‌ಬಿಎ ಇತಿಹಾಸದಲ್ಲೇ ದೊಡ್ಡದು. ಆದರೆ ಅವರ ಅತ್ಯುತ್ತಮ ಆಟಗಾರ ಸೋಲಿನಿಂದ ಬಂದವನಲ್ಲ. 49 ಪಂದ್ಯ ಗೆದ್ದ ತಂಡ, ಒಬ್ಬ ತಾರೆಯ ಬೆಲೆ ಉತ್ತುಂಗದಲ್ಲಿದ್ದಾಗ ಅವನನ್ನು ಬಿಟ್ಟುಕೊಟ್ಟದ್ದರಿಂದ ಬಂದವನು. ಒಳ್ಳೆಯ ಆಟಗಾರ ಕೈಯಲ್ಲಿದ್ದರೆ ತಾನೇ ಬದಲಿಗೆ ಏನನ್ನಾದರೂ ಕೇಳಬಹುದು?

ಇನ್ನು ಆ ಪಾಲ್ ಜಾರ್ಜ್ ಎಲ್ಲಿಗೆ ಹೋದರು? 2024ರ ಜುಲೈನಲ್ಲಿ, 34ರ ವಯಸ್ಸಿನಲ್ಲಿ, ನಾಲ್ಕು ವರ್ಷಗಳ 212 ಮಿಲಿಯನ್ ಡಾಲರ್ ಒಪ್ಪಂದಕ್ಕೆ ಸಹಿ ಹಾಕಿ ಫಿಲಡೆಲ್ಫಿಯಾ ಸೇರಿದರು. ಆ ಸೀಸನ್‌ನಲ್ಲಿ ಅವರು 41 ಪಂದ್ಯ, ಎಂಬೀಡ್ 19 ಪಂದ್ಯ ಆಡಿದರು. ಅವರನ್ನು ಹಿಂದೆ ಬಿಟ್ಟುಕೊಟ್ಟ ಎರಡು ತಂಡಗಳು ಫೈನಲ್ಸ್ ಆಡುತ್ತಿದ್ದಾಗ, ಅವರನ್ನು ಕೊನೆಗೆ ಕೊಂಡ ತಂಡ ಲಾಟರಿ ಚೆಂಡುಗಳನ್ನು ಎಣಿಸಿ ಮುಗಿಸಿತ್ತು.

ಹಾಗೆಂದು ಮಧ್ಯದಲ್ಲೇ ಕುಳಿತಿರುವುದು ಸರಿಯೇ? ಶಿಕಾಗೊ ಬುಲ್ಸ್ ನೋಡಿ. 2022–23ರಲ್ಲಿ 40–42, ಆಮೇಲೆ 39–43, ಮತ್ತೆ 39–43. ಮೂರೂ ವರ್ಷ ಪ್ಲೇ-ಇನ್, ಅಂದರೆ ಪ್ಲೇಆಫ್‌ನ ಕೊನೆಯ ಜಾಗಗಳಿಗಾಗಿ ನಡೆಯುವ ಪಂದ್ಯಗಳನ್ನು, ತಲುಪಿದರು, ಮೂರೂ ವರ್ಷ ಮಯಾಮಿ ಕೈಯಲ್ಲೇ ಸೋತರು. 2023ರ ಆ ಪಂದ್ಯದ ನಾಲ್ಕನೇ ಕ್ವಾರ್ಟರ್‌ನಲ್ಲಿ ಶಿಕಾಗೊ ಮುಂದಿತ್ತು. ತಿರುಗಿಬಿದ್ದು ಗೆದ್ದ ಮಯಾಮಿ ಎಂಟನೇ ಸ್ಥಾನದಿಂದ ಹೊರಟು ಮಿಲ್ವಾಕಿಯನ್ನು, ಬಾಸ್ಟನ್ನನ್ನು ಕೆಡವಿ ಫೈನಲ್ಸ್‌ವರೆಗೆ ಹೋಯಿತು. ಪ್ಲೇಆಫ್ ಆಸೆ ಇಟ್ಟುಕೊಂಡವರನ್ನು ನೋಡಿ ನಗುವವರಿಗೆ ಈ ಮಯಾಮಿಯೇ ಉತ್ತರ. ಆದರೆ ಶಿಕಾಗೊದಲ್ಲಿ ಆ ಗೆಲುವುಗಳನ್ನು ಹೊತ್ತವರು ಯಾರು? ಮೂವತ್ತು ದಾಟಿದ ಡಿಮಾರ್ ಡಿರೋಜನ್, ನಿಕೋಲಾ ವುಚೆವಿಚ್. ಡಿರೋಜನ್ 2024ರ ಬೇಸಿಗೆಯಲ್ಲಿ ಹೊರಟೂ ಹೋದರು. ನನಗೆ ಶಿಕಾಗೊ ಮೇಲಿರುವ ದೂರು ಇದೊಂದೇ: 40 ಗೆಲುವು ಕಡಿಮೆಯಾಯಿತು ಎಂದಲ್ಲ, ಆ ಗೆಲುವುಗಳ ಒಳಗೆ ಬೆಳೆಯುತ್ತಿದ್ದವರು ಸಾಕಷ್ಟು ಇರಲಿಲ್ಲ.

ಸೋಲುವ ತಂಡಕ್ಕೂ ಇದೇ ಅಳತೆ ಹಿಡಿಯಿರಿ. ಡೆಟ್ರಾಯ್ಟ್ 2023–24ರಲ್ಲಿ 14–68, ಒಂದೇ ಸೀಸನ್‌ನಲ್ಲಿ ಸತತ 28 ಸೋಲು. ಆದರೆ ಆ ಸೋಲುಗಳನ್ನು ಆಡಿದವರು ಕೇಡ್ ಕನ್ನಿಂಗ್‌ಹ್ಯಾಮ್ ಮತ್ತು ಅವರ ಓರಗೆಯ ಹುಡುಗರು. ಮರುವರ್ಷ ಹೊಸ ಕೋಚ್, ಮೂರುಪಾಯಿಂಟ್ ಎಸೆಯಬಲ್ಲ ಕೆಲವು ಅನುಭವಿಗಳು, 44–38, ಪ್ಲೇಆಫ್. ಅಷ್ಟೆಲ್ಲ ಸೋತದ್ದಕ್ಕೆ ಲಾಟರಿ ಕೊಟ್ಟದ್ದು 2023ರಲ್ಲೂ 2024ರಲ್ಲೂ ಐದನೇ ಪಿಕ್, ಕೊನೆಯ ತಂಡ ಇಳಿಯಬಹುದಾದ ಅತಿ ಕೆಳಗಿನ ಜಾಗ. ಹಾಗಾಗಿ ಅವರನ್ನು ಮೇಲೆತ್ತಿದ್ದು ಆ ಎರಡು ವರ್ಷಗಳ ಲಾಟರಿ ಎಂದು ಹೇಳಲಾಗದು.

2019ರಿಂದ ನಿಯಮ ಬದಲಾಗಿದೆ. ಕೊನೆಯ ಮೂರು ತಂಡಗಳಿಗೂ ಮೊದಲ ಪಿಕ್ಕಿಗೆ ತಲಾ ನೂರಕ್ಕೆ 14ರ ಅವಕಾಶ ಅಷ್ಟೇ. 2019ರಿಂದ 2025ರವರೆಗಿನ ಏಳು ಲಾಟರಿಗಳಲ್ಲಿ ಅತಿ ಕಡಿಮೆ ಗೆದ್ದ ತಂಡಕ್ಕೆ ಮೊದಲ ಪಿಕ್ ಒಂದು ಸಲವೂ ಸಿಕ್ಕಿಲ್ಲ. 2025ರಲ್ಲಿ ಅದು ಹೋದದ್ದು ನೂರಕ್ಕೆ 1.8ರ ಅವಕಾಶವಿದ್ದ ಡಲ್ಲಾಸ್‌ಗೆ, ಕೂಪರ್ ಫ್ಲ್ಯಾಗ್ ಬಂದರು. ಸೀಸನ್ ಪೂರ್ತಿ ಸೋಲನ್ನು ಹಾರೈಸಿದ ಅಭಿಮಾನಿಗೆ ಈ ಲೆಕ್ಕ ಏನು ಹೇಳುತ್ತದೆ?

ಆ ಅಭಿಮಾನಿಯ ಬಗ್ಗೆ ನನಗೆ ನಿಜವಾಗಿ ಕಾಳಜಿ ಇದೆ. ಫಿಲಡೆಲ್ಫಿಯಾದಲ್ಲಿ ಸಂಜೆ ಏಳಕ್ಕೆ ಶುರುವಾಗುವ ಪಂದ್ಯ ಚಳಿಗಾಲದಲ್ಲಿ ನಮಗೆ ಬೆಳಗಿನ ಐದೂವರೆ. ಇಲ್ಲಿರುವ ಎಷ್ಟೋ ಜನ ಅಷ್ಟು ಹೊತ್ತಿಗೆ ಎದ್ದು ನೋಡುತ್ತೀರಿ. ಸೋಲಲಿ ಎಂದುಕೊಂಡು ಎದ್ದು ಕೂರಲು ಯಾರಿಗಾದರೂ ಮನಸ್ಸು ಬರುತ್ತದೆಯೇ? ಕಣದಲ್ಲಿರುವವರಂತೂ ಸೋಲಲು ಆಡುವುದಿಲ್ಲ. ಆ 10–72ರ ತಂಡದಲ್ಲಿ ಟಿ.ಜೆ. ಮೆಕಾನೆಲ್ ಎಂಬ ಗಿಡ್ಡ ಗಾರ್ಡ್ ಇದ್ದರು. ಡ್ರಾಫ್ಟ್‌ನಲ್ಲಿ ಅವರನ್ನು ಯಾರೂ ಆರಿಸಿರಲಿಲ್ಲ. ಫಿಲಡೆಲ್ಫಿಯಾದ ಸೋಲಿನ ರಾತ್ರಿಗಳಲ್ಲಿ ಅವರು ಪ್ರತಿ ಚೆಂಡಿಗೂ ನೆಲಕ್ಕೆ ಬೀಳುತ್ತಿದ್ದರು. ಹತ್ತು ವರ್ಷಗಳಾದ ಮೇಲೆ 2025ರ ಫೈನಲ್ಸ್‌ನಲ್ಲಿ ಇಂಡಿಯಾನಾ ಪರವಾಗಿ ಬೆಂಚಿನಿಂದ ಎದ್ದು ಬಂದು ಪಂದ್ಯದ ಗತಿ ಬದಲಿಸುತ್ತಿದ್ದವರೂ ಅವರೇ. ಆ ಮೂರು ವರ್ಷಗಳಲ್ಲಿ ಸಿಕ್ಸರ್ಸ್ ಕಂಡುಕೊಂಡ ಒಳ್ಳೆಯ ಆಟಗಾರರಲ್ಲಿ ಮೆಕಾನೆಲ್, ರಾಬರ್ಟ್ ಕೋವಿಂಗ್ಟನ್ ಇಬ್ಬರಿಗೂ ಲಾಟರಿಯ ಹಂಗಿರಲಿಲ್ಲ.

ಪ್ರಶ್ನೆ: ಹಾಗಾದರೆ ಡ್ರಾಫ್ಟನ್ನೇ ತೆಗೆದುಹಾಕಿದರೆ, ಅಥವಾ ಸರದಿಯನ್ನು ಮೊದಲೇ ನಿಗದಿ ಮಾಡಿದರೆ ಈ ಸಮಸ್ಯೆ ತೀರುವುದಿಲ್ಲವೇ?

ಅಂಥದೊಂದು ಪ್ರಸ್ತಾವ ಬಂದಿತ್ತು. ಬಾಸ್ಟನ್ ತಂಡದ ಅಧಿಕಾರಿ ಮೈಕ್ ಜ್ಯಾರನ್ 2013ರಲ್ಲಿ ಮುಂದಿಟ್ಟದ್ದು: ಮೂವತ್ತು ತಂಡ, ಮೂವತ್ತು ವರ್ಷ, ಚಕ್ರ ತಿರುಗಿದಂತೆ ಪ್ರತಿ ತಂಡಕ್ಕೂ ಪ್ರತಿಯೊಂದು ಪಿಕ್ ಒಮ್ಮೆ ಸಿಗುತ್ತದೆ, ಗೆಲುವು ಸೋಲಿಗೂ ಪಿಕ್ಕಿಗೂ ಸಂಬಂಧವೇ ಇರುವುದಿಲ್ಲ. ಬುದ್ಧಿವಂತ ಯೋಜನೆ, ಆದರೂ ನಾನು ಒಪ್ಪಲಾರೆ. ಲಾಸ್ ಏಂಜಲೀಸ್‌ಗೋ ಮಯಾಮಿಗೋ ತಾರೆಗಳು ತಾವಾಗಿ ಬರುತ್ತಾರೆ. ಒಕ್ಲಹೋಮ ಸಿಟಿ, ಮಿಲ್ವಾಕಿ, ಇಂಡಿಯಾನಾಪೊಲಿಸ್‌ಗೆ ಹಾಗೆ ಬರುವವರು ತೀರ ಕಡಿಮೆ. ತಾರೆ ಕೆವಿನ್ ಡುರಾಂಟ್ ಒಕ್ಲಹೋಮಕ್ಕೆ ಬಂದದ್ದು ಅವರನ್ನು ಡ್ರಾಫ್ಟ್‌ನಲ್ಲಿ ಆರಿಸಿದ್ದ ತಂಡವೇ 2008ರಲ್ಲಿ ಸಿಯಾಟಲ್‌ನಿಂದ ಅಲ್ಲಿಗೆ ಎದ್ದು ಹೋದದ್ದರಿಂದ. 2016ರಲ್ಲಿ ಆಯ್ಕೆ ಅವರ ಕೈಗೆ ಬಂದಾಗ ಗೋಲ್ಡನ್ ಸ್ಟೇಟ್ ಸೇರಿದರು. ಅಂಥ ಊರುಗಳಿಗೆ ಮುಖ್ಯ ಬಾಗಿಲು ಡ್ರಾಫ್ಟೇ. ಮೂವತ್ತು ವರ್ಷಕ್ಕೊಮ್ಮೆ ಬರುವ ಸರದಿಗೆ ಕಾಯಿರಿ ಎಂದು ಅವರಿಗೆ ಹೇಳುವುದು ಅನ್ಯಾಯ.

ನನ್ನನ್ನು ಕೇಳಿದರೆ ಲಾಟರಿಯ ಅವಕಾಶಗಳನ್ನು ಇನ್ನಷ್ಟು ಸಮ ಮಾಡಬೇಕು. 2023ರ ಏಪ್ರಿಲ್ 7ರಂದು ಡಲ್ಲಾಸ್ ಏನು ಮಾಡಿತು ನೋಡಿ. ಪ್ಲೇ-ಇನ್ ಆಸೆ ಇನ್ನೂ ಜೀವಂತವಿದ್ದಾಗಲೇ ತನ್ನ ತಾರೆ ಕೈರಿ ಅರ್ವಿಂಗ್ ಅವರನ್ನು ಬೆಂಚಿನಲ್ಲಿ ಕೂರಿಸಿ, ಇನ್ನೊಬ್ಬ ತಾರೆ ಲೂಕಾ ಡಾನ್‌ಚಿಚ್ ಅವರನ್ನು ಸ್ವಲ್ಪ ಹೊತ್ತು ಮಾತ್ರ ಆಡಿಸಿ ಶಿಕಾಗೊಗೆ ಸೋತಿತು, ಹತ್ತರೊಳಗಿನ ಪಿಕ್ ಉಳಿಸಿಕೊಳ್ಳಲು. ಲೀಗ್ 7,50,000 ಡಾಲರ್ ದಂಡ ಹಾಕಿತು. ಆ ಪಿಕ್ಕಿನ ಬೆಲೆಯಿಂದಲೇ ಡೆರಿಕ್ ಲೈವ್ಲಿ ಬಂದರು, ಮರುವರ್ಷ ಡಲ್ಲಾಸ್ ಫೈನಲ್ಸ್ ಆಡಿತು. ಅಂಥ ಲಾಭದ ಮುಂದೆ ದಂಡ ಯಾವ ಲೆಕ್ಕ? ಹತ್ತನೇ ಸ್ಥಾನಕ್ಕಾಗಿ ಕೊನೆಯ ದಿನದವರೆಗೆ ಹೋರಾಡಿ ಪ್ಲೇ-ಇನ್‌ನಲ್ಲಿ ಸೋತ ತಂಡಕ್ಕೂ, ಮಾರ್ಚ್‌ನಲ್ಲೇ ಕೈಚೆಲ್ಲಿದ ತಂಡಕ್ಕೂ ಲಾಟರಿಯಲ್ಲಿ ಒಂದೇ ಪಾಲು ಕೊಡಲಿ. ಆಗ ಡಲ್ಲಾಸ್‌ನ ಕೋಚ್‌ಗೆ ಅರ್ವಿಂಗ್ ಅವರನ್ನು ಕೂರಿಸಲು ಕಾರಣವೇ ಇರುವುದಿಲ್ಲ.